ಮೆಟ್ಟಿಲು ಮೇಸ್ತ್ರಿಯ ಮಗಳು ಬರೆದ ಚೀಟಿ

ಮೊದಲಿಗೆ ಒಂದು ಕ್ಷಮೆ ಕೇಳಿಬಿಡಬೇಕು. ಮಕ್ಕಳ ಓದಿನ ವಿಚಾರ ಹೇಳುವುದಕ್ಕೆ ದೊಡ್ಡ ಓದು ಓದಿದವರು ಬೇಕಾದಷ್ಟು ಜನ ಇದ್ದಾರೆ. ಸಂಜೆ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇಟ್ಟುಕೊಂಡು ಇಂಥ ಕಥೆಗೆ ಕೈ ಹಾಕುವುದು ಅಧಿಕಪ್ರಸಂಗವೇ ಸರಿ. ಆದರೂ ಹೇಳದೆ ಇರಲು ಮನಸ್ಸು ಒಪ್ಪಲಿಲ್ಲ. ಎಲ್ಲಾದರೂ ತಪ್ಪು ಕಂಡರೆ ಅದು ಬರೆದ ಕೈಯ ತಪ್ಪು, ಕಥೆಯಲ್ಲಿ ಬರುವವರದ್ದಲ್ಲ.

ಒಂದು ಬೀದಿಯ ಕೊನೆಯಲ್ಲಿ ಒಬ್ಬ ಬಡಗಿ ಇದ್ದ. ಕುರ್ಚಿ ಮೇಜು ಯಾರು ಬೇಕಾದರೂ ಮಾಡುತ್ತಾರೆ ಎಂದು ಅದನ್ನೆಲ್ಲ ಬಿಟ್ಟು ಮನೆಯೊಳಗೆ ಹತ್ತುವ ಮರದ ಮೆಟ್ಟಿಲು ಮಾತ್ರ ಮಾಡುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಮೆಟ್ಟಿಲು ಮೇಸ್ತ್ರಿ. ಮುಂದೆ ಕಾರ್ಖಾನೆ, ಹಿಂದೆ ಮನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಎರಡು ಕೆಲಸದ ಮೇಜು, ಗೋಡೆಗೆ ಒರಗಿಸಿಟ್ಟ ಹಲಗೆಗಳು, ಕಾಲಿಟ್ಟಲ್ಲೆಲ್ಲ ಮರದ ಪುಡಿ. ಕೊಯ್ದು ಕೂಡಿಸುವುದು ಅವನ ಕೆಲಸ, ಉಜ್ಜಿ ಪಾಲಿಶ್ ಹಚ್ಚುವುದು ಹೆಂಡತಿಯ ಕೆಲಸ.

ಮೇಸ್ತ್ರಿಗೆ ತನ್ನ ಕೆಲಸದ ಮೇಲೆ ಬಹಳ ಹೆಮ್ಮೆ. ಮನೆ ಕಟ್ಟಿಸುವವರು ಯಾರೇ ಬರಲಿ, ಕೂರಿಸಿ ಒಂದು ಮಾತು ಹೇಳುತ್ತಿದ್ದ. ಇಪ್ಪತ್ತೆರಡು ವರ್ಷ ಆಯಿತು, ನನ್ನ ಮೆಟ್ಟಿಲ ಮೇಲೆ ಒಬ್ಬರೂ ಎಡವಿಲ್ಲ. ಅದು ನಿಜವೂ ಆಗಿತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತಿದ್ದ. ಶಾಲೆಯ ಲೆಕ್ಕ ನನಗೆ ಒಂದು ಕಾಳೂ ಬರಲ್ಲ ನೋಡಿ, ಬೇಕೂ ಆಗಲಿಲ್ಲ. ಇದನ್ನೂ ಒಂದು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಓಡಾಡುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ಹತ್ತನೇ ತರಗತಿ. ತೆಳ್ಳಗೆ ನೆಟ್ಟಗೆ ಇದ್ದಳು, ಮಾತು ಚೂಪು. ಅದಕ್ಕೇ ಅಪ್ಪ ಅವಳನ್ನು ಮೊಳೆ ಎಂದು ಕರೆಯುತ್ತಿದ್ದ. ಒಂದು ದಿನ ಮೊಳೆ ಶಾಲೆಯಿಂದ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟಳು. ಮುಂದಿನ ವರ್ಷ ಗಣಿತ ಇರುವ ಕಡೆ ಹೋಗುತ್ತೀರೋ, ಗಣಿತ ಇಲ್ಲದ ಕಡೆ ಹೋಗುತ್ತೀರೋ, ಗುರುತು ಹಾಕಿ ಎಂದು ಅದರಲ್ಲಿತ್ತು. ಅವಳು ಗಣಿತ ಬೇಡ ಎನ್ನುವ ಕಡೆ ಆಗಲೇ ಗುರುತು ಹಾಕಿದ್ದಳು.

ಮೇಸ್ತ್ರಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಸಹಿ ಹಾಕಲು ಹೊರಟ. ಹೆಂಡತಿ ಅರ್ಜಿಯ ಮೇಲೆ ಕೈ ಇಟ್ಟಳು.

"ರೀ, ಸ್ವಲ್ಪ ತಡೀರಿ. ಇವಳು ಚಿಕ್ಕವಳಿದ್ದಾಗಿಂದ ಏನಂತಿದ್ಲು? ಮನೆಗಳ ನಕ್ಷೆ ಬರೀತೀನಿ ಅಂತ ತಾನೇ? ಲೆಕ್ಕ ಬಿಟ್ರೆ ನಕ್ಷೆ ಬರೆಯೋ ಓದಿಗೆ ಯಾರು ಸೇರಿಸ್ಕೋತಾರೆ?"

ಮೊಳೆ ತಲೆ ಎತ್ತದೆ, ಅದೆಲ್ಲ ಚಿಕ್ಕಂದಿನ ಮಾತು, ಈಗ ನನಗೆ ನಕ್ಷೆಗಿಕ್ಷೆ ಏನೂ ಬೇಡ ಎಂದಳು. ಹೇಳಿ ಒಳಗೆ ಹೋದಳು. ಬೇಡ ಎನ್ನುವವಳನ್ನು ಹಿಡಿದು ಕಟ್ಟಿಹಾಕಲು ಆಗುತ್ತದೆಯೇ ಎಂದ ಮೇಸ್ತ್ರಿ. ಬೈದೂ ನೋಡಿದ್ದ, ಪಾಸಾದರೆ ಸೈಕಲ್ ಕೊಡಿಸುತ್ತೇನೆ ಎಂದು ಆಸೆ ತೋರಿಸಿಯೂ ನೋಡಿದ್ದ. ಲೆಕ್ಕದ ಪುಸ್ತಕ ಮಾತ್ರ ಹೊಸದರಂತೆಯೇ ಇತ್ತು, ಮೂಲೆ ಕೂಡ ಮಡಚಿರಲಿಲ್ಲ. ಅವಳಿಗೆ ಸೋಮಾರಿತನ, ಇನ್ನೇನಿಲ್ಲ ಎನ್ನುವುದು ಅವನ ತೀರ್ಮಾನ.

ಆದರೆ ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ತಂದೆ ಅಥವಾ ತಾಯಿ ಶಾಲೆಗೇ ಬಂದು ಸಹಿ ಮಾಡಬೇಕು. ಹೆಂಡತಿ ಆ ಸಾಲನ್ನು ಎರಡು ಸಲ ಓದಿ ಹೇಳಿದಳು. ಒಂದು ಸಹಿಗೆ ಅರ್ಧ ದಿನ ಹಾಳು ಎಂದು ಗೊಣಗುತ್ತಾ ಮೇಸ್ತ್ರಿ ಮರುದಿನ ಹೊರಟ.

ಗಣಿತ ಕಲಿಸುವವರ ಕೋಣೆ ಶಾಲೆಯ ಮಹಡಿಯ ಮೇಲಿತ್ತು. ಹಳೆಯ ಮರದ ಮೆಟ್ಟಿಲು. ಬೇರೆಯವರು ಮಾಡಿದ ಮೆಟ್ಟಿಲು ಹತ್ತುವಾಗ ಮೇಸ್ತ್ರಿಯ ಕಣ್ಣಿಗಿಂತ ಪಾದ ಚುರುಕು. ಎಂಟನೆಯದರ ಮೇಲೆ ಕಾಲಿಟ್ಟಾಗ ಹೆಬ್ಬೆರಳು ಅಂಚಿಗೆ ತಗುಲಿತು. ನಿಂತು ಬಗ್ಗಿ ಕೈಯಾಡಿಸಿದ. ಯಾರೋ ಯಾವಾಗಲೋ ಹಲಗೆ ಬದಲಿಸಿದ್ದಾರೆ, ಉಳಿದವಕ್ಕಿಂತ ಅರ್ಧ ಇಂಚು ದಪ್ಪದ್ದು ಹಾಕಿಬಿಟ್ಟಿದ್ದಾರೆ. ಛೆ ಎಂದುಕೊಂಡು ಮೇಲೆ ಹೋದ.

ಅಲ್ಲಿದ್ದವರನ್ನು ಮಕ್ಕಳೆಲ್ಲ ಲೆಕ್ಕದ ಮೇಡಂ ಎನ್ನುತ್ತಿದ್ದರು. ಐವತ್ತು ದಾಟಿದವರು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಕೋಣೆಯೆಲ್ಲ ಹುಡುಕುವವರು. ಮೇಸ್ತ್ರಿಯನ್ನು ಕೂರಿಸಿ, ಕಾಲು ನೋವೇ ಎಂದು ಕೇಳಿದರು. ಅವನು ಕುಂಟುತ್ತಾ ಬಂದಿದ್ದನ್ನು ನೋಡಿದ್ದರು.

ನಿಮ್ಮ ಎಂಟನೇ ಮೆಟ್ಟಿಲು ಎಂದ ಮೇಸ್ತ್ರಿ.

ಮೇಡಂ ನಕ್ಕರು. ದಿನಕ್ಕೆ ಹತ್ತು ಮಕ್ಕಳು ಅಲ್ಲೇ ಮುಗ್ಗರಿಸುತ್ತಾರಂತೆ. ಓಡಬೇಡಿ, ನೋಡಿಕೊಂಡು ಹತ್ತಿ ಎಂದು ಬೈದು ಬೈದು ಅವರ ಗಂಟಲು ಒಣಗಿದೆಯಂತೆ.

ಇದನ್ನು ಕೇಳಿ ಮೇಸ್ತ್ರಿಗೆ ಕಸುಬಿನ ಕೋಪ ಬಂತು. "ಮಕ್ಕಳನ್ನ ಯಾಕೆ ಬೈತೀರಿ ಮೇಡಂ? ಮೆಟ್ಟಿಲು ಎತ್ತರ ಆದ್ರೆ ಹತ್ತೋರದ್ದು ತಪ್ಪಲ್ಲ. ಮಾಡಿದವನದ್ದು."

ಮೇಡಂ ಆ ಮಾತನ್ನು ಎಲ್ಲೋ ಎತ್ತಿಟ್ಟುಕೊಂಡವರ ಹಾಗೆ ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಕಪಾಟಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಅದರ ತುಂಬ ಚೀಟಿಗಳು.

ಅವರದೊಂದು ಪದ್ಧತಿ ಇತ್ತು. ಪ್ರತಿ ಪರೀಕ್ಷೆಗೆ ಮೊದಲು ಪ್ರತಿ ಮಗುವಿಗೂ ಒಂದು ಚೀಟಿ ಕೊಡುವುದು. ಮುಂದಿನ ಬದಿಯಲ್ಲಿ, ಐವತ್ತಕ್ಕೆ ನನಗೆ ಎಷ್ಟು ಬರಬಹುದು ಎಂದು ಬರೆಯಬೇಕು. ಹಿಂಬದಿಯಲ್ಲಿ, ಇದನ್ನು ನಾನು ಯಾಕೆ ಕಲಿಯಬೇಕು ಎಂದು ಒಂದು ಸಾಲು. ಸುಳ್ಳು ಬರೆಯುವಂತಿಲ್ಲ, ಬರೆದದ್ದಕ್ಕೆ ಬೈಯುವಂತಿಲ್ಲ.

ಮೇಡಂ ಮೊಳೆಯ ಮೂರು ಚೀಟಿ ಹುಡುಕಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರರಲ್ಲೂ ಒಂಬತ್ತು ಎಂದಿತ್ತು. ಬಂದದ್ದು ಒಂದು ಸಲ ಎಂಟು, ಒಂದು ಸಲ ಒಂಬತ್ತು, ಒಂದು ಸಲ ಹತ್ತು.

"ಇಷ್ಟು ಸರಿಯಾಗಿ ಅಂದಾಜು ಹಾಕೋ ಹುಡುಗಿ ಲೆಕ್ಕ ಬರಲ್ಲ ಅಂತಾಳಲ್ಲ, ಮೇಸ್ತ್ರಿ," ಎಂದರು ಮೇಡಂ.

ಮೇಸ್ತ್ರಿಗೂ ನಗು ಬಂತು. ಆದರೆ ಮೇಡಂ ಉತ್ತರ ಪತ್ರಿಕೆಗಳನ್ನೂ ತೆಗೆದಾಗ ನಗು ನಿಂತಿತು. ಮೊದಲ ಪುಟ ತುಂಬಿತ್ತು. ಎರಡನೆಯದು ಅರ್ಧ. ಉಳಿದದ್ದೆಲ್ಲ ಖಾಲಿ. ಒಂಬತ್ತು ಅಂಕಕ್ಕೆ ಆಗುವಷ್ಟು ಬರೆದು ಅವಳು ಪೆನ್ನು ಕೆಳಗಿಡುತ್ತಾಳೆ, ಇನ್ನೂ ಒಂದು ಗಂಟೆ ಬಾಕಿ ಇರುತ್ತದೆ, ಕಿಟಕಿಯಿಂದ ಎದುರಿನ ಕಟ್ಟಡ ನೋಡುತ್ತಾ ಕೂರುತ್ತಾಳೆ ಎಂದರು ಮೇಡಂ. ಇದು ಸೋಮಾರಿತನವಾಗಿದ್ದರೆ ಮೊದಲ ಪುಟವೂ ಖಾಲಿ ಇರುತ್ತಿತ್ತು. ತನ್ನ ಮಟ್ಟ ಇಷ್ಟೇ ಎಂದು ಎಲ್ಲಿ ಗೆರೆ ಎಳೆದುಕೊಂಡಿದ್ದಾಳೋ ಅಲ್ಲಿಗೆ ಬಂದು ನಿಲ್ಲುತ್ತಾಳೆ.

ಆಮೇಲೆ ಅವರು ಹೇಳಿದ ಮಾತು ಮೇಸ್ತ್ರಿಗೆ ಎಷ್ಟೋ ದಿನ ಕಿವಿಯಲ್ಲಿ ಉಳಿಯಿತು.

"ಪುಸ್ತಕ ತೆರೆಯೋ ಮುಂಚೆ ಮಕ್ಕಳು ಮನಸ್ಸಲ್ಲೇ ಎರಡು ಪ್ರಶ್ನೆ ಕೇಳ್ಕೋತಾರೆ. ಇದು ನನ್ನ ಕೈಲಾಗುತ್ತಾ? ಕೈಲಾದ್ರೂ, ಇದರಿಂದ ನನಗೇನು? ಎರಡಕ್ಕೂ ಹೌದು ಅನ್ನಿಸಿದ್ರೆ ನಾವು ಅವರ ಹಿಂದೆ ಬೀಳಬೇಕಾಗಿಲ್ಲ. ಒಂದಕ್ಕೆ ಇಲ್ಲ ಅನ್ನಿಸಿದ್ರೂ ಸಾಕು, ಸೈಕಲ್ ಅಲ್ಲ, ವಿಮಾನ ಕೊಡಿಸ್ತೀನಿ ಅಂದ್ರೂ ಪುಸ್ತಕ ತೆರೆಯಲ್ಲ."

ಸೈಕಲ್ ವಿಚಾರ ಇವರಿಗೆ ಹೇಗೆ ಗೊತ್ತಾಯಿತು ಎಂದುಕೊಂಡು ಮೇಸ್ತ್ರಿ ನಾಚಿಕೊಂಡ. ಮೇಡಂ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ಇಟ್ಟರು. ಎರಡರ ಹಿಂದೆ ಏನೂ ಇರಲಿಲ್ಲ. ಮೂರನೆಯದರ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ನಮ್ಮ ಮನೆಯವರ ತಲೆಗೆ ಲೆಕ್ಕ ಹತ್ತಲ್ಲ, ಅಪ್ಪ ಹೇಳಿದ್ದಾರೆ.

ಮೇಸ್ತ್ರಿ ಅದನ್ನು ಕೈಗೆತ್ತಿಕೊಂಡ. ಯಾವಾಗ ಹೇಳಿದ್ದು ಎನ್ನುವುದೂ ನೆನಪಾಯಿತು. ಅವಳು ಆಗ ನಾಲ್ಕನೇ ತರಗತಿ. ಭಿನ್ನರಾಶಿ ಬರಲಿಲ್ಲ ಎಂದು ಅಳುತ್ತಾ ಕಾರ್ಖಾನೆಗೆ ಬಂದಿದ್ದಳು. ಅವನು ಕೈಯಲ್ಲಿದ್ದ ಉಳಿ ಕೆಳಗಿಟ್ಟು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಗೆ ಹೇಳಿದ್ದ. ಬೈಯಲಿಲ್ಲ, ಸಮಾಧಾನಕ್ಕೆ ಹೇಳಿದ್ದು, ಮುದ್ದಿನಿಂದ ಹೇಳಿದ್ದು. ಅಳು ನಿಂತಿತ್ತು ಕೂಡ. ಆಮೇಲೆ ಪ್ರತಿ ಸಲ ಅಂಕ ಕಡಿಮೆ ಬಂದಾಗಲೂ ಅದೇ ಮುದ್ದು ಮಾತನ್ನು ಹೇಳುತ್ತಾ ಬಂದಿದ್ದ.

ಮೇಡಂ ತಪ್ಪು ಹೊರಿಸಲಿಲ್ಲ. ಅರ್ಜಿಗೆ ಇನ್ನೂ ಮೂರು ವಾರ ಸಮಯವಿದೆ, ಅದಕ್ಕೆ ಮೊದಲು ಇನ್ನೊಂದು ಪರೀಕ್ಷೆ ಇದೆ, ಇವತ್ತೇ ಸಹಿ ಮಾಡಲೇಬೇಕು ಎಂದೇನಿಲ್ಲ ಎಂದರು. ಮೇಸ್ತ್ರಿ ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಇಳಿಯುವಾಗ ಎಂಟನೇ ಮೆಟ್ಟಿಲು ನೆನಪಿದ್ದೂ ಮತ್ತೆ ಮುಗ್ಗರಿಸಿದ.

ಮನೆಗೆ ಬಂದವನು ಒಂದು ಉಪಾಯ ಹೂಡಿದ. ಇದರಿಂದ ನನಗೇನು ಎಂಬ ಪ್ರಶ್ನೆಗೆ ಉತ್ತರ ತೋರಿಸಿದರೆ ಮುಗಿಯಿತಲ್ಲ. ಮಗಳನ್ನು ಕರೆದು ಒಂದು ಹಲಗೆ ಮುಂದಿಟ್ಟ. ಏಳೂಕಾಲು ಇಂಚು ಅಗಲ, ಇದನ್ನು ಐದು ಸಮಭಾಗ ಮಾಡಬೇಕು. ಅವನ ಕೈಚಳಕ ಇದ್ದದ್ದು ಇಲ್ಲೇ. ಸ್ಕೇಲನ್ನು ಹಲಗೆಗೆ ಅಡ್ಡ ಇಡದೆ ಓರೆಯಾಗಿ ಇಟ್ಟ. ಸೊನ್ನೆ ಈ ಅಂಚಿಗೆ, ಹತ್ತು ಆ ಅಂಚಿಗೆ ಬರುವ ಹಾಗೆ ತಿರುಗಿಸಿದ. ಎರಡು, ನಾಲ್ಕು, ಆರು, ಎಂಟರ ಹತ್ತಿರ ಚುಕ್ಕಿ ಇಟ್ಟು ಉದ್ದಕ್ಕೂ ಗೆರೆ ಎಳೆದ. ಐದು ಪಟ್ಟಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ನೋಡು, ಇದೂ ನಿನ್ನ ಲೆಕ್ಕವೇ, ಇದರಿಂದಲೇ ನಾವು ಬದುಕುತ್ತಿರುವುದು ಎಂದ ಹೆಮ್ಮೆಯಿಂದ.

"ಗೊತ್ತಪ್ಪ," ಎಂದಳು ಮೊಳೆ. "ಸಮರೂಪ ತ್ರಿಭುಜ. ನಮ್ಮ ಪುಸ್ತಕದಲ್ಲಿ ಇದೆ. ನೀನು ಮಾಡೋದೆಲ್ಲ ಲೆಕ್ಕ ಅಂತ ನನಗೆ ಯಾವಾಗಲೋ ಗೊತ್ತು. ನಿನಗೆ ಬರುತ್ತೆ. ನನಗೆ ಬರಲ್ಲ."

ನಿನಗೂ ಬರುತ್ತದೆ ಎಂದ ಮೇಸ್ತ್ರಿ. ಸ್ವಲ್ಪ ಜೋರಾಗಿಯೇ ಎಂದ.

"ಐದಾರು ವರ್ಷ ಬರಲ್ಲ ಬರಲ್ಲ ಅಂದೆ. ಇವತ್ತು ಬರುತ್ತೆ ಅಂತೀಯ. ಯಾವುದನ್ನ ನಂಬ್ಲಿ?"

ಹಾಗೆಂದು ಪುಸ್ತಕದ ಚೀಲ ಎತ್ತಿಕೊಂಡು ಒಳಗೆ ಹೋದಳು. ಹೆಂಡತಿ ಪಾಲಿಶ್ ಬಟ್ಟೆ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಸರಿಯಾದ ಜಾಗಕ್ಕೇ ಹೊಡೀತು ನೋಡಿ ಮೊಳೆ," ಎಂದು ಮತ್ತೆ ಕೆಲಸಕ್ಕೆ ಬಗ್ಗಿದಳು.

ಅವತ್ತು ಮೇಸ್ತ್ರಿ ಏನೂ ಕೊಯ್ಯಲಿಲ್ಲ. ಕೊಯ್ದರೆ ಹಾಳಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಲಗೆಯ ಮೇಲಿನ ಐದು ಪಟ್ಟಿಗಳನ್ನೇ ನೋಡುತ್ತಾ ಕೂತ. ಮಗಳಿಗೆ ಲೆಕ್ಕದ ಬೆಲೆ ಗೊತ್ತಿಲ್ಲ ಎಂದುಕೊಂಡಿದ್ದ. ಅವಳಿಗೆ ಅದು ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಕೈಲಾಗದು ಎಂದು ಒಪ್ಪಿಕೊಂಡ ಮೇಲೆ ಆಸೆ ಇಟ್ಟುಕೊಂಡರೆ ನೋವಾಗುತ್ತದೆ. ಅದಕ್ಕೇ ಆಸೆಯನ್ನೇ ಕೆಳಗಿಟ್ಟಿದ್ದಾಳೆ. ನಕ್ಷೆಗಿಕ್ಷೆ ಏನೂ ಬೇಡ ಎಂದು ಅವಳು ಹೇಳಿದ ದನಿ ಎಲ್ಲೋ ಕೇಳಿದ ದನಿ ಎನ್ನಿಸಿತು. ಯೋಚಿಸಿದರೆ ಅದು ತನ್ನದೇ ದನಿ. ಬೇಕೂ ಆಗಲಿಲ್ಲ.

ಮರುದಿನ ರಜೆ. ಮೊಳೆ ಅಮ್ಮನಿಗೆ ಸಹಾಯಕ್ಕೆಂದು ಮರಳು ಕಾಗದ ಹಿಡಿದು ಒಂದು ಹಲಗೆ ಉಜ್ಜುತ್ತಾ ಕೂತಿದ್ದಳು. ಮೇಸ್ತ್ರಿಯೂ ಒಂದು ತುಂಡು ತೆಗೆದುಕೊಂಡು ಅವಳ ಎದುರು ಕೂತು ಅದೇ ಹಲಗೆಯ ಇನ್ನೊಂದು ತುದಿ ಉಜ್ಜತೊಡಗಿದ. ಉಜ್ಜುವಾಗ ಮುಖ ನೋಡಬೇಕಾಗಿಲ್ಲ, ಮಾತು ಸಲೀಸು.

ಅವನು ಹೇಳಿದ್ದು ಇಷ್ಟು. ತಾನು ನಾಲ್ಕನೇ ತರಗತಿಯಲ್ಲಿದ್ದಾಗ ಮರದಿಂದ ಬಿದ್ದು ಕೈ ಮುರಿದುಕೊಂಡಿದ್ದು. ಎರಡು ತಿಂಗಳು ಶಾಲೆ ತಪ್ಪಿದ್ದು. ವಾಪಸ್ಸು ಹೋದಾಗ ತರಗತಿ ಭಿನ್ನರಾಶಿ ಮುಗಿಸಿ ಮುಂದೆ ಹೋಗಿತ್ತು. ಮೊದಲ ದಿನವೇ ಮೇಷ್ಟ್ರು ಕರಿಹಲಗೆಯ ಹತ್ತಿರ ಕರೆದು ಒಂದು ಲೆಕ್ಕ ಕೊಟ್ಟರು. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತ. ಇಡೀ ತರಗತಿ ನಕ್ಕಿತು. ಅವತ್ತಿನಿಂದ ಯಾರು ಕೇಳಿದರೂ ಲೆಕ್ಕ ನನಗೆ ಬೇಡ ಎನ್ನುವುದು ಅಭ್ಯಾಸವಾಯಿತು. ಬರಲ್ಲ ಎಂದರೆ ನಗುತ್ತಾರೆ, ಬೇಡ ಎಂದರೆ ಯಾರೂ ನಗುವುದಿಲ್ಲ.

"ಸ್ಕೇಲನ್ನ ಓರೆ ಇಡ್ತೀನಲ್ಲ, ಅದು ಜಾಣತನ ಅಲ್ಲ ಮಗಳೇ. ಏಳೂಕಾಲನ್ನ ಐದರಿಂದ ಭಾಗ ಮಾಡೋಕೆ ನನಗೆ ಬರಲ್ಲ. ಅದಕ್ಕೆ ಓರೆ ಇಡ್ತೀನಿ." ಸ್ವಲ್ಪ ಹೊತ್ತು ಉಜ್ಜಿದ. "ತಲೆ ಕೆಟ್ಟಿರಲಿಲ್ಲ. ಒಂದು ಮೆಟ್ಟಿಲು ತಪ್ಪಿಹೋಗಿತ್ತು. ಆ ನಾಚಿಕೇನ ಮುಚ್ಕೊಳ್ಳೋಕೆ ತಲೆ ಅಂದೆ, ಮನೆತನ ಅಂದೆ, ನಿನ್ನನ್ನೂ ಅದರಲ್ಲಿ ಸೇರಿಸಿಬಿಟ್ಟೆ."

ಮೊಳೆ ಉಜ್ಜುವುದನ್ನು ನಿಲ್ಲಿಸಿದಳು. ಅಪ್ಪ ಇಂಥ ಮಾತು ಆಡಿದ್ದನ್ನು ಅವಳು ಕೇಳಿರಲಿಲ್ಲ.

"ನನಗೂ ಅದೇ," ಎಂದಳು ಕೊನೆಗೆ. "ನಾಲ್ಕನೇ ತರಗತಿ. ಭಿನ್ನರಾಶಿ. ಆಮೇಲಿಂದೆಲ್ಲ ಮಂಜು."

ಹಾಗಾದರೆ ಇಬ್ಬರೂ ಅಲ್ಲಿಂದಲೇ ಶುರು ಮಾಡೋಣ, ಒಬ್ಬನೇ ಕೂತರೆ ನನಗೆ ಧೈರ್ಯ ಸಾಲದು ಎಂದ ಮೇಸ್ತ್ರಿ. ಅವಳು ಒಪ್ಪಿದ್ದು ಲೆಕ್ಕದ ಮೇಲಿನ ಪ್ರೀತಿಯಿಂದಲ್ಲ, ಅಪ್ಪನ ಮುಖ ನೋಡಿ.

ಮೇಡಂ ನಾಲ್ಕನೇ ತರಗತಿಯ ಪುಸ್ತಕ ಹುಡುಕಿ ಕೊಟ್ಟರು, ಜೊತೆಗೆ ಎರಡು ಮಾತನ್ನೂ ಹೇಳಿ ಕಳಿಸಿದರು. ದಿನಕ್ಕೆ ನಾಲ್ಕೇ ಲೆಕ್ಕ ಮಾಡಿ, ಮೂರು ಖಂಡಿತ ಬರುವಂಥದ್ದು, ಒಂದು ಬರುತ್ತೋ ಇಲ್ಲವೋ ಎನ್ನುವಂಥದ್ದು. ಮತ್ತೆ, ಸುಮ್ಮಸುಮ್ಮನೆ ಜಾಣೆ ಜಾಣೆ ಎನ್ನಬೇಡಿ, ಇದನ್ನು ಹೇಗೆ ಮಾಡಿದೆ ಎಂದು ಕೇಳಿ. ದಿನಾ ಸಂಜೆ ಟೀ ಕುಡಿದ ಮೇಲೆ ಅಪ್ಪ ಮಗಳು ಕೆಲಸದ ಮೇಜಿನ ಮುಂದೆ ಕೂರುತ್ತಿದ್ದರು. ಒಬ್ಬ ಗಿರಾಕಿ ಬಂದವರು, ನರೆತ ಮೀಸೆಯ ಮೇಸ್ತ್ರಿ ನಾಲ್ಕನೇ ತರಗತಿಯ ಪುಸ್ತಕಕ್ಕೆ ಮೂಗು ತಾಗಿಸಿಕೊಂಡಿದ್ದನ್ನು ನೋಡಿ, ಈ ವರ್ಷ ಪಾಸಾಗ್ತೀರಾ ಎಂದು ಕೇಳಿದರು. ಹೆಂಡತಿ ಒಳಗಿಂದಲೇ, ಹಾಜರಾತಿ ಮಾತ್ರ ಚೆನ್ನಾಗಿದೆ ಎಂದಳು.

ಮೊದಲ ವಾರ ಮೊಳೆ ಅಪ್ಪನಿಗೆ ಹೇಳಿಕೊಟ್ಟದ್ದೇ ಹೆಚ್ಚು. ಇಂಚಿನ ಎಂಟನೇ ಒಂದು ಭಾಗ, ಹದಿನಾರನೇ ಒಂದು ಭಾಗ ಅವನಿಗೆ ಟೇಪಿನ ಮೇಲೆ ಕಣ್ಣು ಮುಚ್ಚಿ ಸಿಗುತ್ತಿತ್ತು, ಕಾಗದದ ಮೇಲೆ ಮಾತ್ರ ಬೆವರು ಬರುತ್ತಿತ್ತು. ಅವನಿಗೆ ತಿಳಿಸಿ ಹೇಳಲು ಹೋಗಿ ಅವಳಿಗೇ ಮಂಜು ಸ್ವಲ್ಪ ಸ್ವಲ್ಪ ಸರಿಯಿತು.

ಎರಡನೇ ವಾರ ಒಂದು ಹೊಸ ಮನೆಯ ಮೆಟ್ಟಿಲಿನ ಅಳತೆಗೆ ಹೋಗಬೇಕಾಯಿತು. ಮೇಸ್ತ್ರಿ ಮಗಳನ್ನೂ ಕರೆದುಕೊಂಡು ಹೋದ. ಈ ಸಲ ಲೆಕ್ಕ ನೀನು ಮಾಡು ಎಂದ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಅವಳೇ ಟೇಪು ಹಿಡಿದಳು. ನೂರ ಹದಿನಾಲ್ಕು ಇಂಚು. ಹದಿನಾರು ಮೆಟ್ಟಿಲು ಬರಬೇಕು. ಗೋಡೆಗೆ ಕಾಗದ ಒತ್ತಿ ಹಿಡಿದು ಭಾಗಿಸಿದಳು. ಒಂದೊಂದು ಮೆಟ್ಟಿಲಿಗೆ ಏಳು ಇಂಚು, ಮೇಲೆ ಎಂಟನೇ ಒಂದು ಭಾಗ. ಎರಡು ಸಲ ತಾಳೆ ನೋಡಿ ಅಪ್ಪನ ಕೈಗೆ ಕೊಟ್ಟಳು. ಕೊಡುವಾಗ ಮುಖದಲ್ಲಿ ಒಂದು ಬೆಳಕಿತ್ತು.

ಮೇಸ್ತ್ರಿ ಕಾಗದ ನೋಡಿದ, ಆಮೇಲೆ ನೆಲ ನೋಡಿದ. ಮೇಲೆ ನೆಲಹಾಸು ಹಾಕಿ ಮುಗಿದಿತ್ತು. ಕೆಳಗೆ ಬರೀ ಒರಟು ಸಿಮೆಂಟು. ನಾಳೆ ಇಲ್ಲಿ ಗಾರೆ ಹಾಕಿ ನೆಲಹಾಸು ಕೂರಿಸಿದರೆ ನೆಲ ಎರಡು ಇಂಚು ಮೇಲೆ ಬರುತ್ತದೆ, ಆಗ ಮೊದಲ ಮೆಟ್ಟಿಲು ಎರಡು ಇಂಚು ಗಿಡ್ಡವಾಗುತ್ತದೆ ಎಂದು ಮೆಲ್ಲಗೆ ತಿಳಿಸಿದ. ಉಳಿದದ್ದರ ಎತ್ತರಕ್ಕೆ ಹೊಂದಿಕೊಂಡ ಕಾಲು ಅಲ್ಲಿ ಮುಗ್ಗರಿಸುತ್ತದೆ.

ಮೊಳೆಯ ಮುಖ ಮುಚ್ಚಿಹೋಯಿತು. ಕಾಗದ ಕಿತ್ತುಕೊಂಡು ಮುದ್ದೆ ಮಾಡಿದಳು. "ನೋಡಿದ್ಯಾ, ನನಗೆ ಬರಲ್ಲ ಅಂತ ಹೇಳಿದ್ನಲ್ಲ."

ಹಳೆಯ ಮೇಸ್ತ್ರಿಯಾಗಿದ್ದರೆ ಇಲ್ಲಿ, ಹೋಗಲಿ ಬಿಡಮ್ಮ ಎಂದು ತಲೆ ಸವರುತ್ತಿದ್ದ. ಕೈ ಎದ್ದಿತ್ತು ಕೂಡ. ಅದನ್ನು ಇಳಿಸಿ, ಮುದ್ದೆಯಾದ ಕಾಗದ ತೆಗೆದುಕೊಂಡು ಮೊಣಕಾಲ ಮೇಲೆ ಹಾಸಿ ಸುಕ್ಕು ಬಿಡಿಸಿದ.

"ಭಾಗಾಕಾರ ಸರಿ ಇದೆ. ತಪ್ಪಿದ್ದು ಅಳತೆ. ಈ ತಪ್ಪು ಮೆಟ್ಟಿಲು ಮಾಡೋರು ಮಾತ್ರ ಮಾಡೋ ತಪ್ಪು. ನಾನು ಮೊದಲನೇ ವರ್ಷ ಇದನ್ನೇ ಮಾಡಿ, ಕೂರಿಸಿದ ಮೆಟ್ಟಿಲೆಲ್ಲ ಬಿಚ್ಚಿ ತಲೆ ಮೇಲೆ ಹೊತ್ಕೊಂಡು ವಾಪಸ್ ತಂದಿದ್ದೆ. ಬೇಕಾದ್ರೆ ನಿಮ್ಮಮ್ಮನ್ನ ಕೇಳು, ವಾರಗಟ್ಟಲೆ ನಕ್ಕಿದ್ದಾಳೆ."

ಮೊಳೆಗೆ ನಗು ಬಂದಿರಬೇಕು, ತೋರಿಸಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿದಳು. ಹಾಗಾದರೆ ನೂರ ಹನ್ನೆರಡು ಎಂದು ತನಗೆ ತಾನೇ ಹೇಳಿಕೊಂಡಳು. ಮೇಸ್ತ್ರಿ ಪೆನ್ಸಿಲ್ ಕೊಡಲು ಕಿವಿಯ ಹಿಂದೆ ಕೈ ಹಾಕಿದ. ಅದು ಕೈಗೆ ಸಿಗುವ ಮೊದಲೇ ಅವಳು ಹೇಳಿಬಿಟ್ಟಳು.

"ಏಳು. ಸರಿಯಾಗಿ ಏಳು ಇಂಚು."

ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಮೆಟ್ಟಿಲು ಕೂರಿಸಿ, ಮನೆಯವರ ಮುಂದೆ ಎದೆ ಉಬ್ಬಿಸಿ ನಿಂತಿದ್ದ ಮೇಸ್ತ್ರಿ. ಆ ಖಾಲಿ ಮನೆಯಲ್ಲಿ, ಇನ್ನೂ ಒಂದು ಮೆಟ್ಟಿಲೂ ಇಲ್ಲದ ಗೋಡೆಯ ಮುಂದೆ ನಿಂತಾಗ ಆದ ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಜಾಣೆ ಎಂಬ ಮಾತು ತುದಿ ನಾಲಿಗೆಗೆ ಬಂದದ್ದನ್ನು ನುಂಗಿಕೊಂಡು, ಹೇಗೆ ಮಾಡಿದೆ ಎಂದು ಕೇಳಿದ. ಅವಳು ಮನೆ ತಲುಪುವವರೆಗೂ ಹೇಗೆ ಮಾಡಿದೆ ಎಂದು ಹೇಳುತ್ತಲೇ ಇದ್ದಳು.

ಪರೀಕ್ಷೆಯ ದಿನ ಬಂತು, ಮುಗಿಯಿತು. ಅರ್ಜಿಗೆ ಕೊನೆಯ ದಿನ ಗಂಡ ಹೆಂಡತಿ ಇಬ್ಬರೂ ಶಾಲೆಗೆ ಹೋದರು. ಮೇಸ್ತ್ರಿಯ ಹೆಗಲಿಗೆ ಕೆಲಸದ ಚೀಲವೂ ಇತ್ತು. ಮೊಳೆ ಮೇಡಂ ಕೋಣೆಯ ಬಾಗಿಲಲ್ಲಿ ಉಗುರು ಕಚ್ಚುತ್ತಾ ನಿಂತಿದ್ದಳು.

ಮೇಡಂ ಡಬ್ಬಿ ತೆರೆದು ಹೊಸ ಚೀಟಿ ಇಟ್ಟರು. ಒಂಬತ್ತು ಇರಲಿಲ್ಲ. ಇಪ್ಪತ್ತೊಂದು ಎಂದು ಬರೆದಿದ್ದಳು, ಬರೆದು ಒಮ್ಮೆ ಹೊಡೆದುಹಾಕಿ ಮತ್ತೆ ಅದನ್ನೇ ಬರೆದಿದ್ದಳು. ಬಂದದ್ದು ಹತ್ತೊಂಬತ್ತು. ಪಾಸಾಗಲು ಬೇಕಾದದ್ದು ಹದಿನೆಂಟು.

ಈ ಸಲ ಅಂದಾಜು ತಪ್ಪಿತಲ್ಲ ಎಂದಳು ಮೊಳೆ ಸಣ್ಣಗೆ.

ತಪ್ಪಲಿ ಬಿಡು ಎಂದರು ಮೇಡಂ. ಆಮೇಲೆ ಉತ್ತರ ಪತ್ರಿಕೆ ತೆಗೆದು ಒಂದೊಂದೇ ಪುಟ ತಿರುಗಿಸಿದರು. ಕೊನೆಯ ಪುಟದವರೆಗೂ ಬರೆದಿದ್ದಳು. ಕೊನೆಯ ಲೆಕ್ಕ ಪೂರ್ತಿ ತಪ್ಪು. ತಪ್ಪಾದರೂ ಅರ್ಧ ಪುಟ ಹೋರಾಡಿದ್ದಳು, ಚಿತ್ರ ಬರೆದಿದ್ದಳು, ಅಳಿಸಿ ಮತ್ತೆ ಬರೆದಿದ್ದಳು. ಮೇಸ್ತ್ರಿ ಆ ತಪ್ಪು ಲೆಕ್ಕವನ್ನೇ ಬಹಳ ಹೊತ್ತು ನೋಡಿದ. ಅವನ ಕಣ್ಣಿಗೆ ಆ ಪುಟ ಉಳಿದೆಲ್ಲ ಪುಟಗಳಿಗಿಂತ ಚೆನ್ನಾಗಿ ಕಂಡಿತು.

ಹೆಂಡತಿ ಚೀಟಿ ತಿರುಗಿಸಿದಳು. ಹಿಂಬದಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದಳು. "ಮನೆಗಳ ನಕ್ಷೆ ಬರೆಯಬೇಕು. ಮೆಟ್ಟಿಲು ನಮ್ಮಪ್ಪ ಮಾಡುತ್ತಾರೆ."

ಮೇಸ್ತ್ರಿ ಜೇಬಿನಿಂದ ಅರ್ಜಿ ತೆಗೆದು, ಗುರುತು ನೀನೇ ಹಾಕು, ಯಾವ ಕಡೆ ಹಾಕಿದರೂ ಸಹಿ ನಾನು ಮಾಡುತ್ತೇನೆ ಎಂದ. ಮೊಳೆ ಹಳೆಯ ಗುರುತನ್ನು ಅಳಿಸಿ ಗಣಿತ ಇರುವ ಕಡೆ ಗುರುತು ಹಾಕಿದಳು. ಮೇಸ್ತ್ರಿ ಸಹಿ ಮಾಡಿ, ಮೇಡಂ ಒಪ್ಪಿಗೆ ಪಡೆದು, ಚೀಲದಿಂದ ಕೀಸುಳಿ ತೆಗೆದ. ಮಗಳು ಅಳತೆ ಹಿಡಿದಳು, ಅವನು ಎಂಟನೇ ಮೆಟ್ಟಿಲಿನ ಹಲಗೆ ಬಿಚ್ಚಿ ಅರ್ಧ ಇಂಚು ಕೀಸಿ ಮತ್ತೆ ಕೂರಿಸಿದ. ಗಂಟೆ ಹೊಡೆದಾಗ ಮಕ್ಕಳೆಲ್ಲ ದಡದಡ ಓಡಿ ಬಂದರು. ಯಾರೂ ಮುಗ್ಗರಿಸಲಿಲ್ಲ. ಇಲ್ಲೊಂದು ಮೆಟ್ಟಿಲು ಸರಿಯಾಗಿದೆ ಎಂದು ಯಾರಿಗೂ ಗೊತ್ತೂ ಆಗಲಿಲ್ಲ. ಒಳ್ಳೆಯ ಮೆಟ್ಟಿಲೆಂದರೆ ಹಾಗೇ ಇರಬೇಕು ಎಂದ ಮೇಸ್ತ್ರಿ.

ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ಇದನ್ನು ಓದುತ್ತಿರುವ ಅಕ್ಕ ಅಣ್ಣಂದಿರೇ. ನಿಮ್ಮ ಮನೆಯಲ್ಲೂ ಮೂಲೆ ಮಡಚದ ಒಂದು ಪುಸ್ತಕ ಇರಬಹುದು. ಬೈಯುವ ಮುಂಚೆ, ಸೈಕಲ್ ಆಸೆ ತೋರಿಸುವ ಮುಂಚೆ, ಆ ಮಗುವಿನ ಪಕ್ಕ ಕೂತು ಕೇಳಿ. ಇದು ನಿನ್ನ ಕೈಲಾಗುತ್ತದೆ ಅನ್ನಿಸುತ್ತದೆಯೇ? ಇದರಿಂದ ನಿನಗೆ ಏನಾದರೂ ಉಪಯೋಗ ಇದೆ ಅನ್ನಿಸುತ್ತದೆಯೇ? ಬೇಡ ಎಂದರೆ ಸುಮ್ಮನೆ ನಂಬಬೇಡಿ, ಅದರ ಹಿಂದೆ ಬರಲ್ಲ ಎಂಬುದು ಅಡಗಿರಬಹುದು. ಯಾವ ಮೆಟ್ಟಿಲು ತಪ್ಪಿದೆ ಎಂದು ಹುಡುಕಿ, ಶಾಲೆಗೆ ಹೋಗಿ ಕಲಿಸುವವರನ್ನು ಕೇಳಿ, ನಾಚಿಕೆ ಬಿಟ್ಟು ಅಲ್ಲಿಂದಲೇ ಶುರು ಮಾಡಿಸಿ. ಮತ್ತೆ, ದಯವಿಟ್ಟು, ನಮ್ಮ ಮನೆಯವರ ತಲೆಗೆ ಇದು ಹತ್ತಲ್ಲ ಎಂದು ಮುದ್ದಿಗೂ ಹೇಳಬೇಡಿ. ಮಕ್ಕಳು ನಾವು ಹೇಳಿದ್ದನ್ನು ನಂಬಿಬಿಡುತ್ತಾರೆ.

ಮೊಳೆ ವರ್ಷದ ಕೊನೆಯ ಪರೀಕ್ಷೆ ಪಾಸಾಗುತ್ತಾಳೆಯೇ, ಮುಂದೆ ನಿಜವಾಗಿ ಮನೆಗಳ ನಕ್ಷೆ ಬರೆಯುತ್ತಾಳೆಯೇ ಎಂದು ನೀವು ಕೇಳಬಹುದು. ಇದನ್ನು ಬರೆಯುವ ಹೊತ್ತಿಗೆ ಆ ಪರೀಕ್ಷೆ ಇನ್ನೂ ನಡೆದಿಲ್ಲ. ಅವಳಿಗೆ ಆದದ್ದು ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆಯೇ ಎಂಬುದೂ ಬರೆದವರಿಗೆ ಗೊತ್ತಿಲ್ಲ. ಕೊನೆಯ ಪರೀಕ್ಷೆಗೆ ಮೊದಲು ಆ ಡಬ್ಬಿಯಿಂದ ಬರುವ ಚೀಟಿಯ ಮೇಲೆ ಅವಳು ಎಷ್ಟು ಎಂದು ಬರೆಯುತ್ತಾಳೋ, ಅದೂ ಗೊತ್ತಿಲ್ಲ.